ಕೇಳಿ ನೋಡಿ: ಈ ಸಲ ಎಲ್ಲರ ಬಾಯಲ್ಲೂ ಚೀನಾ

ಈ ತಿಂಗಳು ಬಂದ ಪತ್ರಗಳಲ್ಲಿ ಚೀನಾದ್ದೇ ಕಾರುಬಾರು. ಅರ್ಧ ಜನಕ್ಕೆ ಸಿಟ್ಟು, ಅರ್ಧ ಜನಕ್ಕೆ ಕುತೂಹಲ. ಸಿಟ್ಟಿನ ಪತ್ರಗಳನ್ನು ಪಕ್ಕಕ್ಕಿಟ್ಟು ಉಳಿದವಕ್ಕೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ (ಹೋಟೆಲ್ ಮಾಲಕರು, ಘಾಟ್‌ಕೋಪರ್): ನಮ್ಮಲ್ಲಿ ಸಂಜೆ ಹೊತ್ತು ಇಡ್ಲಿಗಿಂತ ಗೋಬಿ ಮಂಚೂರಿಯೇ ಜಾಸ್ತಿ ಹೋಗುತ್ತದೆ. ಚೀನಾದಲ್ಲಿ ಇದನ್ನು ಹೇಗೆ ಮಾಡುತ್ತಾರೆ?

ಉತ್ತರ: ಮಾಡುವುದೇ ಇಲ್ಲ ಮಾಲಕರೇ. ಮಂಚೂರಿಯಾ ಅಂದರೆ ಚೀನಾದ ಈಶಾನ್ಯ ಮೂಲೆ. ಅಲ್ಲಿಂದ ಬಂದ ಮಂಚುಗಳು 1644ರಿಂದ 1912ರವರೆಗೆ ಇಡೀ ಚೀನಾವನ್ನು ಆಳಿದರು, ಆದರೆ ಅವರ್ಯಾರೂ ಈ ಗೋಬಿಯನ್ನು ಕಂಡವರಲ್ಲ. ಇದು ನಮ್ಮ ಮುಂಬಯಿಯ ಚರ್ಚ್‌ಗೇಟ್ ಹತ್ತಿರದ ಕೂಸು. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ 1975ರಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹೆಚ್ಚಿ ಹಾಕಿ, ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಹಾಕಿ ಕೋಳಿ ಮಾಡಿಕೊಟ್ಟೆ ಅಂತ ಹೇಳಿಕೊಂಡಿದ್ದಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ, ನಮ್ಮಂಥವರ ದೆಸೆಯಿಂದ. ಒಂದು ಮಾತು: 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ನಾವು ಮಹಾರಾಷ್ಟ್ರದಲ್ಲಿದ್ದೇವೆ ಅಂತ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಬ್ಯಾಡಗಿ ಮೆಣಸಿನ ಕೆಂಪು ಸಾಲದೇ?

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ): ಮಾತೆತ್ತಿದರೆ ಚೀನಾದವರು ‘ನೂರು ವರ್ಷದ ಅವಮಾನ’ ಅನ್ನುತ್ತಾರೆ. ಅಷ್ಟು ದೊಡ್ಡ ದೇಶಕ್ಕೆ ಅದೇನು ಅವಮಾನ? ಸುಮ್ನೆ ನಾಟಕ ಅಲ್ವಾ?

ಉತ್ತರ: ಬೇಕಾದಾಗೆಲ್ಲ ಅದನ್ನು ಎಳೆದು ತರುತ್ತಾರೆ, ಒಪ್ಪಿದೆ. ಆದರೆ 1839ರ ಅಫೀಮು ಯುದ್ಧದಿಂದ 1949ರವರೆಗೆ ಪರದೇಶದವರ ಕೈಯಲ್ಲಿ ಅವರು ಅನುಭವಿಸಿದ್ದು ಸುಳ್ಳಲ್ಲ. ಅದರಲ್ಲಿ ನಮ್ಮ ಮುಂಬಯಿಯ ಕೈ ಎಷ್ಟಿತ್ತು ಅನ್ನುವುದನ್ನು ಈ ಊರಲ್ಲಿ ಯಾರೂ ಎತ್ತುವುದೇ ಇಲ್ಲ.

ಇಂಗ್ಲಿಷರಿಗೆ ಚೀನಾದ ಚಹಾ ಬೇಕಿತ್ತು, ಚೀನಾದವರಿಗೆ ಇಂಗ್ಲಿಷರ ಮಾಲು ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಕೊಡಿ ಅನ್ನುತ್ತಿದ್ದರು. ಬೆಳ್ಳಿ ಉಳಿಸಲು ಸಿಕ್ಕ ಉಪಾಯ ಅಫೀಮು. ಬಿಹಾರದ ಕಡೆಯ ಅಫೀಮು ಕಲ್ಕತ್ತೆಯಲ್ಲಿ ಹರಾಜಾಗಿ ಹಡಗು ಹತ್ತುತ್ತಿತ್ತು. ಮಾಳ್ವದ ಅಫೀಮು ಇಂದೋರ್ ಕಡೆಯ ಸಂಸ್ಥಾನಗಳಿಂದ ಮುಂಬಯಿ ಬಂದರಿಗೆ ಬರುತ್ತಿತ್ತು, ಈಸ್ಟ್ ಇಂಡಿಯಾ ಕಂಪನಿಯವರು ಪಾಸ್ ಕೊಟ್ಟು ಪೆಟ್ಟಿಗೆಗೆ ಇಷ್ಟು ಅಂತ ಶುಲ್ಕ ಎತ್ತುತ್ತಿದ್ದರು. ಚೀನಾದಲ್ಲಿ ಅಫೀಮು ಕಾನೂನು ಪ್ರಕಾರ ನಿಷಿದ್ಧ. ಆದರೂ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿತ್ತು. ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಸರ್ ಜಮ್‌ಶೇಟ್‌ಜಿ ಜೀಜೀಭಾಯ್. ನಾವು ಜೆ.ಜೆ. ಆಸ್ಪತ್ರೆ ಅನ್ನುತ್ತೇವಲ್ಲ, ಅವರೇ. ಮಾಹಿಮ್ ಕಾಸ್‌ವೇಗೆ ದುಡ್ಡು ಕೊಟ್ಟವರು ಅವರ ಹೆಂಡತಿ. ದಾನ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ, ಆದರೆ ದುಡ್ಡಿನ ಮೂಲ ಕೇಳಬಾರದು ಅಂತೇನೂ ಇಲ್ಲ.

1839ರಲ್ಲಿ ಚೀನಾದ ಚಕ್ರವರ್ತಿ ಲಿನ್ ಜೆಶು ಎಂಬ ಅಧಿಕಾರಿಯನ್ನು ಗುವಾಂಗ್‌ಜೌ ಬಂದರಿಗೆ ಕಳಿಸಿದ. ಈ ಮನುಷ್ಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು, ಹುಮೆನ್ ಎಂಬ ಕಡಲದಂಡೆಯಲ್ಲಿ ದೊಡ್ಡ ಹೊಂಡ ತೋಡಿಸಿ, ಉಪ್ಪು ಸುಣ್ಣ ಬೆರೆಸಿ ಕರಗಿಸಿ, ಭರತ ಇಳಿಯುವಾಗ ಸಮುದ್ರಕ್ಕೆ ಬಿಟ್ಟ. ಮೂರು ವಾರಕ್ಕೂ ಹೆಚ್ಚು ದಿನ ಇದೇ ಕೆಲಸ. ಅದಕ್ಕೂ ಮೊದಲು, ನಿನ್ನ ನೀರು ಕೆಡಿಸುತ್ತಿದ್ದೇನೆ, ಕ್ಷಮಿಸು ಅಂತ ಸಮುದ್ರ ದೇವರಿಗೆ ಪೂಜೆ ಸಲ್ಲಿಸಿದ್ದ. ಇಡೀ ಕತೆಯಲ್ಲಿ ನನಗೆ ಇಷ್ಟವಾಗುವ ಒಬ್ಬನೇ ಮನುಷ್ಯ ಇವನು.

ಇಂಗ್ಲಿಷರು ಯುದ್ಧನೌಕೆ ತಂದರು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಹೋಯಿತು, ಐದು ಬಂದರು ತೆರೆಯಬೇಕಾಯಿತು, ಮೇಲಿಂದ 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ. ಅದರಲ್ಲಿ 60 ಲಕ್ಷ, ನಾಶ ಮಾಡಿದ ಅಫೀಮಿಗೆ ಪರಿಹಾರ! ಹಾಂಗ್‌ಕಾಂಗ್ ವಾಪಸ್ ಸಿಕ್ಕಿದ್ದು 1997ರಲ್ಲಿ. ಆಮೇಲೆ ಅದೇ ದಂಧೆಯಲ್ಲಿ ಸಸೂನ್ ಮನೆತನದವರೂ ಮೇಲೆ ಬಂದರು. ಕೊಲಾಬಾದಲ್ಲಿ ನಮ್ಮ ಊರ ಕಡೆಯವರು ಬೆಳಗಿನ ಜಾವ ಬೊಂಡಾಸ, ಬಂಗುಡೆ ಹರಾಜು ಕೂಗುವ ಸಸೂನ್ ಡಾಕ್ 1875ರಲ್ಲಿ ಅವರು ಕಟ್ಟಿಸಿದ್ದು. ಶಾಂಘೈನ ಹೊಳೆದಂಡೆಯಲ್ಲಿ ಇವತ್ತು ಪೀಸ್ ಹೋಟೆಲ್ ಅಂತ ಇರುವ ಕಟ್ಟಡವೂ ಅದೇ ಮನೆತನದ್ದು.

ಹಾಗಂತ ಬೀಜಿಂಗ್ ಹೇಳುವ ಇತಿಹಾಸವೆಲ್ಲ ಚೊಕ್ಕ ಅಂತ ನಾನು ಹೇಳುತ್ತಿಲ್ಲ. ಪರದೇಶದವರು ಮಾಡಿದ್ದನ್ನು ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. 1958ರ ನಂತರ ಮಾವೋ ಸರ್ಕಾರದ ಹುಚ್ಚು ಯೋಜನೆಗಳಿಂದ ಬಂದ ಕ್ಷಾಮದಲ್ಲಿ ಕೋಟಿಗೂ ಮೀರಿ ಜನ ಸತ್ತರಲ್ಲ, ಅದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ಪ್ರಶ್ನೆ (ಬಂದರು ನೌಕರ, ಶಿವಡಿ): ಮಜಗಾಂವ್‌ನಲ್ಲಿ ಚೀನೀ ದೇವಸ್ಥಾನ ಇದೆಯಂತೆ, ನಿಜವಾ? ಯಾವ ದೇವರು?

ಉತ್ತರ: ಇದೆ. ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. 1919ರ ಸುಮಾರಿನದು. ಹೊರಗಿನಿಂದ ನೋಡಿದರೆ ಸಾಧಾರಣ ಮನೆಯೇ, ಕೆಂಪು ಬಾಗಿಲು ಕಂಡರೆ ಗುರುತು ಹಿಡಿಯಿರಿ. ಬಂದರಿನಲ್ಲಿ, ಹಡಗಿನಲ್ಲಿ ದುಡಿಯಲು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ಬಂದವರು ಕಟ್ಟಿಕೊಂಡದ್ದು. ದೇವರು ಗುವಾನ್ ಯು, ಸಾವಿರದ ಎಂಟುನೂರು ವರ್ಷದ ಹಿಂದಿನ ಒಬ್ಬ ಸೇನಾಪತಿ. ಉದ್ದ ಗಡ್ಡ, ಕೆಂಪು ಮುಖ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನಮಗೆ ರಾಕ್ಷಸ ಅನ್ನಿಸಬಹುದು, ಅಲ್ಲಿ ಅದು ನಿಷ್ಠೆಯ ಬಣ್ಣ. ಕೊಟ್ಟ ಮಾತು ಉಳಿಸಿಕೊಂಡವನು ಅಂತ ವ್ಯಾಪಾರಿಗಳು ಪೂಜಿಸುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಪೊಲೀಸರಿಗೂ ಇವನೇ ದೇವರು, ಗ್ಯಾಂಗಿನವರಿಗೂ ಇವನೇ.

ಈಗ ಇಲ್ಲಿ ಚೀನೀಯರು ಕಡಿಮೆ. 1962ರ ಯುದ್ಧದ ಹೊತ್ತಿಗೆ ನಮ್ಮ ಸರ್ಕಾರ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿತು. ಹೆಚ್ಚಿನವರು ಅಸ್ಸಾಂ, ಬಂಗಾಳ ಕಡೆಯವರು, ಇಲ್ಲೇ ಹುಟ್ಟಿದವರೂ ಅದರಲ್ಲಿದ್ದರು. ಆ ಹೆದರಿಕೆಯಲ್ಲಿ ಎಷ್ಟೋ ಜನ ದೇಶವನ್ನೇ ಬಿಟ್ಟರು. ಪರವೂರಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ (ಗೃಹಿಣಿ, ಪುಣೆ): ಚೀನಾದ ಹೊಸವರ್ಷ ಪ್ರತಿಸಲ ಬೇರೆ ಬೇರೆ ತಾರೀಕಿಗೆ ಬರುತ್ತದೆ, ನಮ್ಮ ಯುಗಾದಿ ಹಾಗೆಯೇ. ಅವರಿಗೂ ಪಂಚಾಂಗ ಇದೆಯಾ?

ಉತ್ತರ: ಇದೆ ತಾಯಿ, ಅಧಿಕಮಾಸವೂ ಇದೆ! ಲೆಕ್ಕ ಸರಿಸುಮಾರು ಒಂದೇ. ಸಂಕ್ರಮಣ ಬೀಳದ ಚಾಂದ್ರಮಾಸ ನಮಗೆ ಅಧಿಕ. ಅವರೂ ಸೂರ್ಯನ ದಾರಿಯನ್ನು ಹನ್ನೆರಡು ಪಾಲು ಮಾಡಿ, ಪಾಲು ಬದಲಾಗದ ತಿಂಗಳನ್ನು ಹೆಚ್ಚುವರಿ ಅನ್ನುತ್ತಾರೆ. ಹತ್ತೊಂಬತ್ತು ವರ್ಷಕ್ಕೆ ಏಳು. ನಾವು ನಕ್ಷತ್ರ ಹಿಡಿದು ಎಣಿಸುತ್ತೇವೆ, ಅವರು ಋತು ಹಿಡಿದು, ಹಾಗಾಗಿ ಒಂದೇ ಹೊತ್ತಿಗೆ ಬರುವುದಿಲ್ಲ: ಅವರಿಗೆ 2025ರಲ್ಲಿ ಬಂತು, ನಮಗೆ 2026ರಲ್ಲಿ ಅಧಿಕ ಜ್ಯೇಷ್ಠ. ಪ್ರಭವ, ವಿಭವ ಅಂತ ನಮ್ಮ ಅರವತ್ತು ಸಂವತ್ಸರದ ಹಾಗೆ ಅವರಿಗೂ ಅರವತ್ತರ ಚಕ್ರ, ಅರವತ್ತು ತುಂಬಿದವರಿಗೆ ಮನೆಯಲ್ಲಿ ಸಂಭ್ರಮ. ಅಧಿಕಮಾಸದಲ್ಲಿ ಅಳಿಯನಿಗೆ ಬಾಗಿನ ಕೊಡುವುದು ಮಾತ್ರ ನಮ್ಮದೇ ಇರಬೇಕು.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಗೋರೆಗಾಂವ್): ಒಂದೇ ಮಗು ಕಾನೂನು ಈಗಲೂ ಇದೆಯಾ?

ಉತ್ತರ: ಇಲ್ಲ ತಮ್ಮಾ. 2016ರಿಂದ ಎರಡು, 2021ರಿಂದ ಮೂರು ಮಕ್ಕಳಿಗೆ ಅನುಮತಿ. ಆದರೆ ಹೆರಲು ಯಾರೂ ತಯಾರಿಲ್ಲ. 2016ರಲ್ಲಿ ಸುಮಾರು 1 ಕೋಟಿ 79 ಲಕ್ಷ ಮಕ್ಕಳು ಹುಟ್ಟಿದ್ದವು, 2023ಕ್ಕೆ 90 ಲಕ್ಷ. ಮನೆ ಬೆಲೆ, ಟ್ಯೂಷನ್ ಖರ್ಚು, ಕೆಲಸದ ಹೊತ್ತು, ಎಲ್ಲ ನಿಮಗೆ ಗೊತ್ತಿರುವ ಕಾರಣಗಳೇ.

ಪ್ರಶ್ನೆ (ಹೆಸರು ಬೇಡ ಎಂದವರು, ವಾಶಿ): ಲಾಫಿಂಗ್ ಬುದ್ಧನನ್ನು ಮನೆಯಲ್ಲಿಟ್ಟರೆ ದುಡ್ಡು ಬರುತ್ತಾ?

ಉತ್ತರ: ಅವನು ಗೌತಮ ಬುದ್ಧನೇ ಅಲ್ಲ. ಸಾವಿರ ವರ್ಷದ ಹಿಂದೆ ಚೀನಾದಲ್ಲಿದ್ದ ಬುಡಾಯ್ ಎಂಬ ಸನ್ಯಾಸಿ. ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು, ಬೇಡಿ ತಿಂದು ಊರೂರು ತಿರುಗುತ್ತಿದ್ದ. ಸ್ವತಃ ಬೇಡುತ್ತಿದ್ದವನ ಹತ್ತಿರ ನೀವು ಬೇಡುತ್ತಿದ್ದೀರಿ, ಮುಂದಿನದು ನಿಮಗೆ ಬಿಟ್ಟದ್ದು. ಕೊಳ್ಳುವುದೇ ಆದರೆ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿ ಚೌಕಾಶಿ ಮಾಡಿ.