ಮಕ್ಕಳು ಹೋದರು, ತೆರಿಗೆ ಏರಿತು

ಓದುಗರ ಪತ್ರ: “ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನನ್ನ ಮಗನ ಮನೆ ತೆರಿಗೆಯಲ್ಲಿ ಶಾಲೆಯ ಪಾಲು ಜಾಸ್ತಿಯಾಗಿದೆ. ಮಕ್ಕಳು ವೋಚರ್ (ಖಾಸಗಿ ಶಾಲೆಯ ಖರ್ಚಿಗೆ ಸರ್ಕಾರ ಕೊಡುವ ಹಣ) ಪಡೆದು ಖಾಸಗಿ ಶಾಲೆ ಸೇರಿದ ಮೇಲೆ ಸರ್ಕಾರಿ ಶಾಲೆಯ ಖರ್ಚು ಇಳಿಯಬೇಕಲ್ಲವೇ?” — ನಿವೃತ್ತ ಮುಖ್ಯ ಶಿಕ್ಷಕರು, ದಾವಣಗೆರೆ

ಮೇಷ್ಟ್ರೇ, 1990ರಲ್ಲಿ ವೋಚರ್ ಮೊದಲು ಬಂದ ಮಿಲ್ವಾಕಿ ನಗರದ ಲೆಕ್ಕ ಬೇರೆ. ಉಳಿದ ಊರುಗಳ ಕಥೆ ಹೀಗಿದೆ. ಅಲ್ಲಿ 2015-16ರಿಂದೀಚೆಗೆ ವೋಚರಿಗೆ ಸೇರಿದ ಮಗುವಿನ ಹಣವನ್ನು ರಾಜ್ಯ ಸರ್ಕಾರ ಖಾಸಗಿ ಶಾಲೆಗೆ ಕೊಟ್ಟು, ಅಷ್ಟನ್ನೂ ಆ ಮಗುವಿನ ಊರಿನ ಶಾಲಾ ಜಿಲ್ಲೆಗೆ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ; ಮುಂದೆ ‘ಜಿಲ್ಲೆ’ ಎಂದರೆ ಇದೇ) ಕೊಡುವ ನೆರವಿನಲ್ಲಿ ಮುರಿದುಕೊಳ್ಳುತ್ತದೆ. 2024-25ರಲ್ಲಿ ಎಂಟನೇ ತರಗತಿವರೆಗೆ ತಲೆಗೆ 10,237 ಡಾಲರ್, ಹೈಸ್ಕೂಲಿಗೆ 12,731.

ಒಂದು ಪ್ರಾಥಮಿಕ ಶಾಲೆಯಿಂದ 30 ಮಕ್ಕಳು ಹೋದರೆನ್ನಿ. ಮುರಿದದ್ದು 3,07,110 ಡಾಲರ್. ಆ ಮೂವತ್ತೂ ಮಕ್ಕಳು ಒಂದೇ ಕೊಠಡಿಯವರಾಗಿದ್ದರೆ ಒಬ್ಬ ಶಿಕ್ಷಕರ ಹುದ್ದೆ ಕಡಿಮೆ ಮಾಡಬಹುದಿತ್ತು. ಅವರು ಒಂದೊಂದು ಸೆಕ್ಷನ್ನಿನಿಂದ ಇಬ್ಬರು, ಮೂವರಂತೆ ಹೋಗುತ್ತಾರೆ. 24 ಇದ್ದ ತರಗತಿ 22 ಆಗುತ್ತದೆ. ಶಿಕ್ಷಕರು, ಕಟ್ಟಡ, ಚಳಿಗಾಲದ ಹೀಟಿಂಗ್ ಬಿಲ್ಲು ಎಲ್ಲ ಹಾಗೆಯೇ. ಬಸ್ಸಿನ ಖರ್ಚಂತೂ ಉಳಿತಾಯವಾಗುವುದೇ ಇಲ್ಲ: ಎರಡು ಮೈಲಿಗಿಂತ ದೂರದ ಮಕ್ಕಳನ್ನು ಖಾಸಗಿ ಶಾಲೆಗೆ ಕರೆದೊಯ್ಯುವ ಹೊಣೆಯನ್ನೂ ಅಲ್ಲಿನ ಕಾನೂನು ಜಿಲ್ಲೆಯ ಮೇಲೆಯೇ ಹಾಕಿದೆ.

ಇನ್ನು ಕೆಲವು ಮಕ್ಕಳು ಸರ್ಕಾರಿ ಶಾಲೆಯ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ಕುಟುಂಬದ ಆದಾಯ ಮಿತಿಯೊಳಗಿದ್ದರೆ ಕಿಂಡರ್‌ಗಾರ್ಟನ್, ಒಂದನೇ ಅಥವಾ ಒಂಬತ್ತನೇ ತರಗತಿಗೆ ನೇರವಾಗಿ ವೋಚರ್ ಪಡೆದು ಸೇರಬಹುದು. ಅಂಥ ಮಗುವಿನಿಂದ ಜಿಲ್ಲೆಗೆ ಉಳಿಯುವ ಖರ್ಚು ಸೊನ್ನೆ, ಕಡಿತ ಮಾತ್ರ ಪೂರ್ತಿ.

ಈಗ ನಿಮ್ಮ ಮಗನ ಬಿಲ್ಲು. 1993ರಿಂದ ಪ್ರತಿ ಜಿಲ್ಲೆಗೂ ಆದಾಯದ ಮಿತಿಯೊಂದಿದೆ: ರಾಜ್ಯದ ನೆರವು, ಆಸ್ತಿ ತೆರಿಗೆ ಎರಡೂ ಸೇರಿ ಅದನ್ನು ದಾಟುವಂತಿಲ್ಲ. ವೋಚರಿಗೆ ಮುರಿದಷ್ಟನ್ನು ಮಿತಿಯ ಹೊರಗಿಟ್ಟು ಆಸ್ತಿ ತೆರಿಗೆಯಿಂದ ತುಂಬಿಕೊಳ್ಳಲು ಶಾಲಾ ಮಂಡಳಿಗೆ ಅನುಮತಿ ಇದೆ. ತುಂಬಿಕೊಂಡರೆ ಭಾರ ಮನೆ ಮಾಲೀಕರಿಗೆ, ಬಿಟ್ಟರೆ ಬಜೆಟ್ಟಿಗೆ ತೂತು. ಹೆಚ್ಚಿನ ಮಂಡಳಿಗಳಿಗೆ ಇದು ಆಯ್ಕೆಯೇ ಅಲ್ಲ ಎಂದು ನಮ್ಮ ಅಭಿಪ್ರಾಯ. ಹಾಗೆಂದು ‘ವೋಚರ್ ಶಾಲೆಗಳನ್ನು ಮುಗಿಸಿಬಿಟ್ಟಿತು’ ಎನ್ನುವುದೂ ಅತಿ. ಮಿತಿಯ ಲೆಕ್ಕದಲ್ಲಿ ಮಕ್ಕಳ ಎಣಿಕೆಗೆ ಮೂರು ವರ್ಷದ ಸರಾಸರಿ ಹಿಡಿಯುವುದರಿಂದ ಹೊಡೆತ ಒಮ್ಮೆಲೇ ಬೀಳುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಜನಮತ ಕೇಳುವಾಗ. ಮಿತಿ ದಾಟಿ ಹಣ ಬೇಕೆಂದು ಜಿಲ್ಲೆ ಮತ ಕೇಳಲು ಹೋದರೆ, ಬಿಲ್ಲು ನೋಡಿ ಆಗಲೇ ಸಿಟ್ಟಾಗಿರುವ ಜನ ಬೇಡ ಎಂದು ಒತ್ತುತ್ತಾರೆ. ಒಂದು ಜಿಲ್ಲೆಯ ಮಕ್ಕಳಲ್ಲಿ ಶೇ. 10ಕ್ಕಿಂತ ಹೆಚ್ಚು ಮಂದಿ ವೋಚರ್ ಪಡೆಯುವಂತಿಲ್ಲ ಎಂಬ ಕಟ್ಟು 2025-26ಕ್ಕೆ ಕೊನೆ, ಹಾಗಾಗಿ ಆಮೇಲೆ ಈ ಭಾರ ಇನ್ನೂ ಹೆಚ್ಚಬಹುದು.

ಆದರೆ ಇಡೀ ಏರಿಕೆಯನ್ನು ವೋಚರಿನ ತಲೆಗೆ ಕಟ್ಟಬೇಡಿ. ಜಿಲ್ಲೆಯ ಆದಾಯ ಮಿತಿ ಮಗುವೊಂದಕ್ಕೆ ವರ್ಷಕ್ಕೆ 325 ಡಾಲರ್ ಏರುತ್ತಿದೆ. 2023ರಲ್ಲಿ ಗವರ್ನರ್ ಟೋನಿ ಎವರ್ಸ್ ವೀಟೊ ಅಧಿಕಾರ ಬಳಸಿ, ಈ ಏರಿಕೆಗೆ ಮಸೂದೆಯಲ್ಲಿದ್ದ ಕೊನೆಯ ವರ್ಷ ‘2024-25’ರಲ್ಲಿ ಎರಡು ಅಂಕಿ, ಒಂದು ಅಡ್ಡಗೆರೆ ಹೊಡೆದುಹಾಕಿ ಅದನ್ನು ‘2425’ನೇ ಇಸವಿ ಮಾಡಿದರು, ನಾನೂರು ವರ್ಷದ ಏರಿಕೆ! ರಾಜ್ಯದ ಸುಪ್ರೀಂ ಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಮಿತಿ ಏರಿದರೆ ಹಣ ಬಂದಂತಲ್ಲ. ರಾಜ್ಯದ ನೆರವು ಏರದಿದ್ದರೆ ಅದೂ ಆಸ್ತಿ ತೆರಿಗೆಗೇ ಬೀಳುತ್ತದೆ.

ನಮ್ಮಲ್ಲಿ ಮಕ್ಕಳು ಕಡಿಮೆಯಾದರೆ ‘ಹೆಚ್ಚುವರಿ ಶಿಕ್ಷಕ’ರೆಂದು ಪಟ್ಟಿ ಮಾಡಿ ಬೇರೆ ಶಾಲೆಗೆ ಕಳಿಸುವುದನ್ನು ನೀವು ಕಂಡವರು. ಇಲ್ಲಿ ಸಂಬಳ ರಾಜ್ಯದ ಖಜಾನೆಯದು, ಆರ್‌ಟಿಇ ಸೀಟಿನ ಹಣವೂ ಸರ್ಕಾರದ್ದೇ. ಊರಿನ ಮನೆ ತೆರಿಗೆಗೆ ಅದರ ಬಿಸಿ ತಟ್ಟುವುದಿಲ್ಲ.

ಅಕ್ಟೋಬರ್ 15ಕ್ಕೆ ರಾಜ್ಯದ ನೆರವಿನ ಅಂಕಿ ಹೊರಬೀಳುತ್ತದೆ, ಬಿಲ್ಲು ಡಿಸೆಂಬರಿನಲ್ಲಿ ಬರುತ್ತದೆ. ನಡುವೆ ಜಿಲ್ಲೆಯ ಕಚೇರಿಯಿಂದ ಆದಾಯ ಮಿತಿಯ ಲೆಕ್ಕಪಟ್ಟಿ ಪಡೆಯಲು ಮಗನಿಗೆ ಹೇಳಿ. ಅದರಲ್ಲಿ ವೋಚರಿನದೇ ಒಂದು ಸಾಲು ಇರುತ್ತದೆ. ಆ ಮೊತ್ತವನ್ನು ಜಿಲ್ಲೆಯ ಒಟ್ಟು ಆಸ್ತಿ ಮೌಲ್ಯದಿಂದ ಭಾಗಿಸಿ, ಮನೆಯ ಮೌಲ್ಯದಿಂದ ಗುಣಿಸಿದರೆ ಅವರ ಪಾಲಿನ ವೋಚರ್ ಖರ್ಚು ಸುಮಾರಾಗಿ ಸಿಗುತ್ತದೆ. ಉಳಿದ ಏರಿಕೆಗೆ 325 ಡಾಲರಿನ ಬಾಬತ್ತು, ಹಿಂದೆ ಜನಮತದಲ್ಲಿ ಒಪ್ಪಿದ ಸಾಲ, ಇವೆರಡನ್ನೂ ನೋಡಲಿ.

— ಸಂಪಾದಕ