ಕಲ್ಲುಗಣಿಯ ಅಹವಾಲು ಸಭೆಗೆ ಊರೇ ಹೋಗದಿದ್ದರೆ ಗಣಿ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ನಾವು ಹೋಗಲಿಲ್ಲ, ನಮ್ಮಲ್ಲಿ ನಿಲ್ಲಲಿಲ್ಲ.

ಊರಿಗೆ ಕಲ್ಲುಗಣಿ ಬರುತ್ತಿದೆ, ಅಹವಾಲು ಸಭೆಯನ್ನು ಬಹಿಷ್ಕರಿಸೋಣವೇ ಎಂದು ಕೇಳಿದ್ದೀರಿ. ನಿಮ್ಮದು ಕೊಡಗಿನ ವಿರಾಜಪೇಟೆ ಕಡೆ ಎಂದು ಬರೆದಿದ್ದೀರಿ, ನಮ್ಮದು ಸೋಮವಾರಪೇಟೆ ಕಡೆ. ಉಳಿದದ್ದೆಲ್ಲ ಒಂದೇ: ಪೈಸಾರಿ (ಸರ್ಕಾರಿ) ಜಾಗ, ಮೇಲೆ ಬಂಡೆ, ಕೆಳಗೆ ತೋಡು (ಸಣ್ಣ ಹಳ್ಳ), ತೋಡಿನಾಚೆ ಗದ್ದೆ ಮತ್ತು ತೋಟದ ಕೆಲಸದವರ ಲೈನ್‌ಮನೆ. ಅರ್ಜಿ 8 ಹೆಕ್ಟೇರಿಗೆ, ಜೊತೆಗೆ ಕ್ರಷರ್. ಸಭೆ ಇಟ್ಟದ್ದು ಜನವರಿಯಲ್ಲಿ, ರೊಬಸ್ಟಾ ಕುಯ್ಲಿನ ನಡುವೆ. ಆ ಸಿಟ್ಟಿಗೇ ಮುನ್ನೂರು ಜನ ಶಾಲೆಯ ಗೇಟಿನ ಹೊರಗೆ ಕಪ್ಪು ಬಾವುಟ ಹಿಡಿದು ಮಧ್ಯಾಹ್ನದವರೆಗೆ ಕೂಗಿದೆವು. ‘ಸಭೆ ಮುರಿದುಬಿತ್ತು’ ಎಂದು ನಾವೇ ತೀರ್ಮಾನಿಸಿ ಮನೆಗೆ ಹೋದೆವು. ಒಳಗೆ ಹದಿನಾಲ್ಕು ಜನ ಮಾತಾಡಿದ್ದರು, ಅರ್ಧಕ್ಕರ್ಧ ಟಿಪ್ಪರ್ ಇಟ್ಟವರು. ಸಭೆಯಲ್ಲಿ ಹೇಳಿದ್ದನ್ನು ಬರೆದಿಟ್ಟ ನಡಾವಳಿ ಮೂರು ಪುಟ: ರಸ್ತೆ ಆಗಲಿ, ಹುಡುಗರಿಗೆ ಕೆಲಸ ಸಿಗಲಿ, ಶಾಲೆಗೆ ಕಾಂಪೌಂಡ್ ಬೇಕು. ಕೊನೆಗೆ ಒಂದು ಸಾಲು, ‘ಹೊರಗೆ ಕೆಲವರು ಪ್ರತಿಭಟಿಸಿದರು’. ತೋಡಿನ ನೀರಿನ ಬಗ್ಗೆ ಒಂದಕ್ಷರವಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಎಲ್ಲಿ ಹೊಡೆಯುತ್ತದೆ ಎಂಬುದು ಆ ದಿನ ಕಾಣುವುದಿಲ್ಲ. ಅಹವಾಲು ಸಭೆ ನಡೆಯುವುದು 14 ಸೆಪ್ಟೆಂಬರ್ 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯ ನಾಲ್ಕನೇ ಅನುಬಂಧದ ಪ್ರಕಾರ. ಅದರಲ್ಲಿ ಕೋರಂ, ಅಂದರೆ ಇಷ್ಟು ಜನ ಇರಲೇಬೇಕೆಂಬ ಲೆಕ್ಕ, ಬೇಡ ಎಂದು ಸ್ಪಷ್ಟವಾಗಿ ಬರೆದಿದೆ. ನಾಲ್ಕು ಜನ ಬಂದರೂ ಸಭೆ ಸಭೆಯೇ. ಆ ಸಭೆ ಗಣಿ ಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಇಲ್ಲ, ಅಲ್ಲಿ ಕೈ ಎತ್ತಿಸುವುದಿಲ್ಲ. ಅದರ ಕೆಲಸ ಒಂದೇ, ಯಾರು ಏನು ಹೇಳಿದರು ಎಂದು ಬರೆದುಕೊಳ್ಳುವುದು. ಹಾಗೆ ಬರೆದುಕೊಂಡ ಪ್ರತಿ ವಿಷಯಕ್ಕೂ ಕಂಪನಿ ಅಂತಿಮ ಇಐಎ ವರದಿಯಲ್ಲಿ ಉತ್ತರ ಕೊಡಬೇಕು: ಏನು ಮಾಡುತ್ತೇವೆ, ಎಷ್ಟು ಹಣ, ಎಷ್ಟು ದಿನದಲ್ಲಿ. 30 ಸೆಪ್ಟೆಂಬರ್ 2020ರ ಕೇಂದ್ರ ಪರಿಸರ ಸಚಿವಾಲಯದ ಜ್ಞಾಪನದ ನಂತರ ಈ ಭರವಸೆಗಳು ಪರಿಸರ ನಿರ್ವಹಣಾ ಯೋಜನೆಯ ಭಾಗವೇ ಆಗಬೇಕು. ಬೆಂಗಳೂರಿನಲ್ಲಿ ಕಡತ ನೋಡುವ ತಜ್ಞರ ಸಮಿತಿ ಆ ಪಟ್ಟಿ ಹಿಡಿದು ಷರತ್ತು ಹಾಕುತ್ತದೆ. ಅನುಮತಿ ಸಿಕ್ಕಮೇಲೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಪನಿ ಕೊಡುವ ಪಾಲನಾ ವರದಿಯೂ ಆ ಷರತ್ತುಗಳ ಮೇಲೆಯೇ.

ಅಂದರೆ ನಡಾವಳಿಯಲ್ಲಿ ಇಲ್ಲದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ. ಉತ್ತರವಿಲ್ಲದ್ದಕ್ಕೆ ಷರತ್ತು ಬೀಳುವುದು ಕಷ್ಟ. ಷರತ್ತಿಲ್ಲದ ಮೇಲೆ ಯಾವ ಉಲ್ಲಂಘನೆ ಎಂದು ದೂರು ಕೊಡುತ್ತೀರಿ? ಮೂರನೇ ಬೇಸಿಗೆಗೆ ತೋಡು ಕೆಂಪಾಗಿ ಬಂದು ಲೈನ್‌ಮನೆಯವರ ಕುಡಿಯುವ ನೀರು ಕೆಟ್ಟಾಗ ನಮಗೆ ಸಿಕ್ಕ ಉತ್ತರ, ‘ಸಾರ್ವಜನಿಕರಿಂದ ನೀರಿನ ಬಗ್ಗೆ ಯಾವುದೇ ಆಕ್ಷೇಪ ಬಂದಿರಲಿಲ್ಲ’. ಅದು ಸುಳ್ಳಲ್ಲ. ನಾವು ಗೇಟಿನ ಹೊರಗೆ ಹೇಳಿದ್ದೆವು, ಅಷ್ಟೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ನಷ್ಟ. ಸಭೆ ಮುರಿದಿದೆ ಎಂದುಕೊಂಡವರು ಕಡತ ಎಲ್ಲಿಗೆ ಹೋಯಿತು ಎಂದು ಯಾಕೆ ನೋಡುತ್ತಾರೆ? ಪರಿಸರ ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಕೊಡಬಹುದು. 90 ದಾಟಿದರೆ ಆ ಬಾಗಿಲು ಮುಚ್ಚಿತು. ನಮಗೆ ಅನುಮತಿಯ ಸುದ್ದಿ ಗೊತ್ತಾದದ್ದೇ ಮಣ್ಣು ತೆಗೆಯುವ ಯಂತ್ರ ಬಂದಾಗ.

ನಿಮ್ಮ ಪ್ರಶ್ನೆಯ ಇನ್ನೊಂದು ತುದಿ, ‘ಬಹಿಷ್ಕರಿಸದಿದ್ದರೆ ಕಂಪನಿ ಜೊತೆ ಕೂತು ರಸ್ತೆ, ದೇವಸ್ಥಾನಕ್ಕೆ ಹಣ ಮಾತಾಡೋದಾ?’ ಎಂಬುದು. ಎರಡೂ ಬೇಡ. ಬಹಿಷ್ಕಾರ ಅಥವಾ ಚೌಕಾಸಿ ಎಂದು ಎರಡೇ ದಾರಿ ಇಟ್ಟುಕೊಂಡದ್ದೇ ತಪ್ಪು. ಕಂಪನಿ ಊಟ ಹಾಕಿಸಿ ಕರೆಯುವ ‘ಊರ ಸಭೆ’ಗೂ ಅಹವಾಲು ಸಭೆಗೂ ಸಂಬಂಧವಿಲ್ಲ. ಅಲ್ಲಿ ಹಾಜರಾತಿ ಎಂದು ಸಹಿ ಹಾಕಿಸಿಕೊಂಡ ಹಾಳೆ ಮುಂದೆ ‘ಸ್ಥಳೀಯರ ಸಹಮತ’ ಎಂಬ ಹೆಸರಲ್ಲಿ ಬರಬಹುದು. ಹೋಗಿ, ಕೇಳಿ, ಊಟ ಬೇಕಿದ್ದರೆ ಮಾಡಿ. ಸಹಿ ಹಾಕುವುದಾದರೆ ಪಕ್ಕದಲ್ಲಿ ‘ಮಾಹಿತಿ ಕೇಳಲು ಮಾತ್ರ ಬಂದಿದ್ದೇನೆ, ಒಪ್ಪಿಗೆಯಲ್ಲ’ ಎಂದು ಬರೆದು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ ಪರವಾಗಿ ಬರುವವನು ಸಾಮಾನ್ಯವಾಗಿ ನಮ್ಮದೇ ಊರಿನ ಹುಡುಗ, ಅವನನ್ನು ಬೈದು ಏನೂ ಆಗುವುದಿಲ್ಲ, ಕಾಗದ ಕೇಳಿ. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ತಂದುಕೊಡುತ್ತೇವೆ ಎಂದರೆ ನಕ್ಕುಬಿಡಿ. ಅದು ಕಾನೂನಿನಂತೆ ರಾಜಧನದ ಜೊತೆ ಕಟ್ಟಲೇಬೇಕಾದ ಹಣ, ಯಾರ ಉಪಕಾರವೂ ಅಲ್ಲ.

ಇನ್ನು ಕೆಲಸ. ಮೊದಲು ನೋಡಬೇಕಾದ್ದು ನಿಮ್ಮ ಗ್ರಾಮ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆಯೇ ಎಂದು. ಆ ಪ್ರದೇಶವನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಅಂತಿಮ ಅಧಿಸೂಚನೆ ಬಂದಿಲ್ಲವಲ್ಲ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ 13 ನವೆಂಬರ್ 2013ರಂದೇ ಕೇಂದ್ರ ಸಚಿವಾಲಯ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಡಿ ಆ ಗ್ರಾಮಗಳಲ್ಲಿ ಹೊಸ ಗಣಿ, ಕ್ವಾರಿ, ಮರಳುಗಾರಿಕೆ ಬೇಡವೆಂದು ನಿರ್ದೇಶನ ಕೊಟ್ಟಿದೆ. ವನ್ಯಧಾಮ ಅಥವಾ ರಾಷ್ಟ್ರೀಯ ಉದ್ಯಾನದ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಇಲ್ಲ ಎಂಬುದು ಸುಪ್ರೀಂ ಕೋರ್ಟಿನ ಮಾತು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ, ನಾಗರಹೊಳೆ, ನಾಲ್ಕರಿಂದಲೂ ದೂರ ಅಳೆಯಿರಿ. ಇದರಲ್ಲೇ ಕಡತ ಬಿದ್ದರೆ ಮುಂದಿನದ್ದು ಓದುವುದೇ ಬೇಡ.

ಪರಿಸರ ಅನುಮತಿಯ ಅರ್ಜಿಗಳಿರುವ ಸರ್ಕಾರಿ ಜಾಲತಾಣ ‘ಪರಿವೇಶ್’ ಪೋರ್ಟಲಿನಲ್ಲಿ ಅರ್ಜಿ, ಪೂರ್ವ ಕಾರ್ಯಸಾಧ್ಯತಾ ವರದಿ ಮತ್ತು ಗಣಿಯ ಗಡಿ ತೋರಿಸುವ ಕೆಎಂಎಲ್ ನಕ್ಷೆ ಕಡತ ಹುಡುಕಿ. ಆ ಕೆಎಂಎಲ್ ಅನ್ನು ಗೂಗಲ್ ಅರ್ಥ್‌ನಲ್ಲಿ ತೆರೆದರೆ ಗಣಿಯ ಗಡಿ ತೋಡಿನ ಮೇಲೆ ಬಿದ್ದಿದೆಯೋ, ಯಾರದೋ ಬಾಣೆಯೊಳಗೆ (ಗದ್ದೆಗೆ ಸೇರಿದ ಎತ್ತರದ ಜಮೀನಿನೊಳಗೆ) ಬಂದಿದೆಯೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವಿಸ್ತೀರ್ಣ ನೋಡಿ: 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ 35 ಸೆಂಟ್‌ಗಿಂತ ಕಡಿಮೆಯಿದ್ದರೆ ಒಂಟಿ ಗಣಿಗೆ ಅಹವಾಲು ಸಭೆ ಬೇಕಿಲ್ಲ. ಅದಕ್ಕೇ 4.8 ಹೆಕ್ಟೇರಿನ ಅರ್ಜಿಗಳು ಕಾಣುತ್ತವೆ. ಆದರೆ 500 ಮೀಟರಿನೊಳಗೆ ಇನ್ನೊಂದು ಗಣಿಯಿದ್ದು ಎಲ್ಲ ಕೂಡಿ 5 ದಾಟಿದರೆ ಅದು ಗುಂಪು, ಸಭೆ ಬೇಕು. ಜಂಟಿ ಸ್ಥಳ ಪರಿಶೀಲನಾ ವರದಿ, ಅರಣ್ಯ ಮತ್ತು ಕಂದಾಯ ಇಲಾಖೆಗಳ ನಿರಾಕ್ಷೇಪಣಾ ಪತ್ರಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಕರಡು ಇಐಎ ವರದಿಯಲ್ಲಿ ನೀರು, ಗಾಳಿಯ ಅಳತೆ ಯಾವ ತಿಂಗಳಲ್ಲಿ ಆಗಿದೆ ನೋಡಿ. ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು ಎಂಬ ಪದ್ಧತಿ ಬೇರೆ ಕಡೆಗೆ ನಡೆದೀತು, ಕೊಡಗಿಗಲ್ಲ. ಇಲ್ಲಿ ಅನಾಹುತ ಆಗುವುದೇ ಜುಲೈ, ಆಗಸ್ಟಿನಲ್ಲಿ. ಒಂದು ಸರಳ ಲೆಕ್ಕ: 8 ಹೆಕ್ಟೇರಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 80 ಲಕ್ಷ ಲೀಟರ್ ನೀರು. ಆ ಮಳೆ ನಮಗೆ ಹೊಸದಲ್ಲ. ವರದಿಯಲ್ಲಿ ಹತ್ತು ಮೀಟರ್ ಉದ್ದ, ಐದು ಅಗಲ, ಎರಡು ಆಳದ ಒಂದು ಹೂಳು ತೊಟ್ಟಿ ತೋರಿಸಿದ್ದರೆ ಅದು ಹಿಡಿಯುವುದು 1 ಲಕ್ಷ ಲೀಟರ್. ಮಿಕ್ಕ 79 ಲಕ್ಷ ಎಲ್ಲಿಗೆ ಹೋಗುತ್ತದೆ ಎಂದು ಸಭೆಯಲ್ಲಿ ಕೇಳಿ. ಬಂಡೆಯ ಮೇಲಿಂದ ತೆಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ತೋಡಿನ ತಲೆಯಿಂದ ಎಷ್ಟು ದೂರ, ತಡೆಗೋಡೆ ಯಾವ ಮಳೆಗೆ ಲೆಕ್ಕ ಹಾಕಿದ್ದು, ಇದನ್ನೂ ಕೇಳಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ಕಂಡವರಿಗೆ ಈ ಪ್ರಶ್ನೆ ಯಾಕೆಂದು ವಿವರಿಸಬೇಕಿಲ್ಲ.

ಸ್ಫೋಟದ ವಿಷಯಕ್ಕೆ ‘ಮನೆ ಅದುರುತ್ತದೆ’ ಎಂದರೆ ‘ನಿಯಮದಂತೆ ಮಾಡುತ್ತೇವೆ’ ಎಂಬ ಉತ್ತರ ಬರುತ್ತದೆ. ಅಂಕಿ ಹಿಡಿದು ಕೇಳಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಕಂಪನ 8 ಹರ್ಟ್ಜ್‌ಗಿಂತ ಕಡಿಮೆಯಿದ್ದರೆ ಕಂಪನಿಗೆ ಸೇರದ ಸಾಧಾರಣ ಮನೆಗೆ ಮಿತಿ ಸೆಕೆಂಡಿಗೆ 5 ಮಿಲಿಮೀಟರ್, ಚಾರಿತ್ರಿಕ ಮತ್ತು ಸೂಕ್ಷ್ಮ ಕಟ್ಟಡಕ್ಕೆ 2. ಐನ್‌ಮನೆ (ಕುಲದ ಹಿರಿಮನೆ), ಕೈಮಡ (ಹಿರಿಯರ ಗುಡಿ) ಇವುಗಳನ್ನು 2ರ ಸಾಲಿಗೆ ಸೇರಿಸಿ ಎಂದು ಹೆಸರು, ದೂರ ಸಮೇತ ಬರೆದುಕೊಡಿ. ಒಂದು ಡಿಲೇಗೆ, ಅಂದರೆ ಒಂದೇ ಕ್ಷಣಕ್ಕೆ ಸಿಡಿಯುವ ಪಾಲಿಗೆ, ಎಷ್ಟು ಕೆಜಿ ಮದ್ದು, ಹತ್ತಿರದ ಮನೆಯಲ್ಲಿ ಕಂಪನ ಮಾಪಕ ಯಾರು ಇಡುತ್ತಾರೆ, ಅಂಕಿ ಪಂಚಾಯಿತಿ ಬೋರ್ಡಿಗೆ ಹಚ್ಚುತ್ತಾರೆಯೇ? ಮೊದಲ ಸ್ಫೋಟಕ್ಕೆ ಮುಂಚೆಯೇ ಗೋಡೆಯ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ದಿನಾಂಕ ಬರೆಯಿರಿ, ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ದೊಡ್ಡ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಸಿಮೆಂಟಿನಿಂದ ಕೂರಿಸಿ, ಗೋಡೆ ಸರಿದರೆ ಗಾಜು ಒಡೆಯುತ್ತದೆ.

ಟಿಪ್ಪರಿಗೂ ಹೀಗೇ. ವರ್ಷಕ್ಕೆ 1 ಲಕ್ಷ ಟನ್ ಎಂದಿದ್ದರೆ 250 ಕೆಲಸದ ದಿನಕ್ಕೆ ದಿನಾ 400 ಟನ್. 16 ಟನ್ನಿನ ಲೋಡಾದರೆ 25 ಲೋಡು, ಹೋಗಿ ಬಂದು 50 ಓಡಾಟ. ಎಂಟು ಗಂಟೆಯಲ್ಲಿ ಹತ್ತು ನಿಮಿಷಕ್ಕೊಂದು ಟಿಪ್ಪರ್ ನಿಮ್ಮ ಶಾಲೆಯ ಮುಂದೆ. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂವಿನ ಮೇಲೆ ಕೂರುವ ದೂಳನ್ನು ಯಾರೂ ತಾವಾಗಿ ಬರೆಯುವುದಿಲ್ಲ, ನೀವೇ ಬರೆಸಬೇಕು.

ಗ್ರಾಮಸಭೆಯ ನಿರ್ಣಯ ಮಾಡಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಒಡಿಶಾದಲ್ಲಿ ಬಾಕ್ಸೈಟ್ ಗಣಿ ತಡೆದ ನಿಯಮಗಿರಿಯ ಉದಾಹರಣೆ ಎಲ್ಲರೂ ಕೊಡುತ್ತಾರೆ. 2013ರಲ್ಲಿ ಅಲ್ಲಿನ 12 ಗ್ರಾಮಸಭೆಗಳು ಬೇಡ ಎಂದದ್ದಕ್ಕೆ ಬಲ ಬಂದದ್ದು ಅರಣ್ಯ ಹಕ್ಕು ಕಾಯ್ದೆಯಿಂದ. ಕೊಡಗು ಸಂವಿಧಾನದ ಐದನೇ ಅನುಸೂಚಿಯ (ಬುಡಕಟ್ಟು) ಪ್ರದೇಶವಲ್ಲ, ಹಾಗಾಗಿ ಪೈಸಾರಿಯ ಕ್ವಾರಿಗೆ ಬರೀ ನಿರ್ಣಯದಿಂದ ತಡೆ ಬೀಳುವುದಿಲ್ಲ. ಜಾಗ ಅರಣ್ಯವಾಗಿದ್ದು ಅದರಲ್ಲಿ ಜೇನುಕುರುಬರ ಅಥವಾ ಯರವರ ಹಾಡಿಯ (ಬುಡಕಟ್ಟಿನವರ ಊರಿನ) ಹಕ್ಕು ಇದ್ದರೆ ಮಾತು ಬೇರೆ. ಆಗ ಸಭೆ ಹಾಡಿಯದ್ದೇ ಆಗಿರಬೇಕು, ಅರ್ಧದಷ್ಟು ಸದಸ್ಯರು ಇರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು.

ಸಭೆಯ ನೋಟಿಸಿಗೂ ಸಭೆಗೂ ನಡುವೆ ಕನಿಷ್ಠ 30 ದಿನ ಇರಬೇಕು. ಜಾಗ ಗಣಿಯ ಹತ್ತಿರವೇ ಆಗಬೇಕು, ಮಡಿಕೇರಿಯ ಹಾಲ್ ಅಲ್ಲ. ಕುಯ್ಲಿನ ಕಾರಣಕ್ಕೆ ಸುಲಭವಾಗಿ ಮುಂದೂಡುವುದಿಲ್ಲ, ತುರ್ತು ಸಂದರ್ಭದಲ್ಲಿ ಜಿಲ್ಲಾಧಿಕಾರಿ ಶಿಫಾರಸು ಮಾಡಿದರೆ ಮಾತ್ರ. ಆದ್ದರಿಂದ ಬರಲಾಗದವರ ಪತ್ರ ಮುಂಚೆಯೇ ಸಭೆ ನಡೆಸುವ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ. ಒಂದು ಪತ್ರಕ್ಕೆ ಒಂದೇ ವಿಷಯ, ಸ್ವೀಕೃತಿ ಮುದ್ರೆ ಬಿಡಬೇಡಿ. ಮುನ್ನೂರು ಜನ ಒಂದೇ ಜೆರಾಕ್ಸಿಗೆ ಸಹಿ ಹಾಕಿದರೆ ಅದು ಒಂದೇ ಆಕ್ಷೇಪವಾಗಿ ಬರೆಯಲ್ಪಡುತ್ತದೆ. ಮೈಕ್ ಸಿಕ್ಕಾಗ ಹೆಸರು, ಗಣಿಯಿಂದ ಮನೆಯ ದೂರ, ತೊಂದರೆ, ಬೇಕಾದ ಷರತ್ತು, ಅಷ್ಟೆ, ಎರಡು ನಿಮಿಷ. ಭಾಷಣ ಮಾಡುವ ನಾಯಕರನ್ನು ಕೊನೆಗೆ ಬಿಡಿ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅಂದೇ ಸಹಿಯಾಗಬೇಕು. ಹಸಿವಾಗಿ ಜನ ಎದ್ದು ಹೋಗುವುದು ಸರಿಯಾಗಿ ಆಗಲೇ. ಊಟ ಕಟ್ಟಿಕೊಂಡು ಹೋಗಿ, ಹತ್ತು ಜನ ಪಟ್ಟಿ ಹಿಡಿದು ಕೂತು, ಬಿಟ್ಟುಹೋದ ವಿಷಯವನ್ನು ಅಲ್ಲೇ ಎದ್ದು ನಿಂತು ಸೇರಿಸಿ.

ನೋಟಿಸ್ ಇನ್ನೂ ಬಂದಿಲ್ಲ ಎಂದಿದ್ದೀರಿ. ಹಾಗಾದರೆ ತೋಡಿನ ಅಳತೆ ಈ ವಾರವೇ ಶುರು ಮಾಡಿ. ಪೈಪಿನಲ್ಲಿ ಬೀಳುವ ಕಡೆ 20 ಲೀಟರಿನ ಬಕೆಟ್ ಇಟ್ಟು ತುಂಬುವ ಸೆಕೆಂಡು ಎಣಿಸಿ: 16 ಸೆಕೆಂಡಾದರೆ ನಿಮಿಷಕ್ಕೆ 75 ಲೀಟರ್. ಪ್ರತಿ ಭಾನುವಾರ ಒಂದೇ ಹೊತ್ತಿಗೆ, ಒಂದೇ ನೋಟ್‌ಬುಕ್ಕಿನಲ್ಲಿ, ಇಬ್ಬರ ಸಹಿಯೊಂದಿಗೆ. ಬಾವಿಯ ನೀರಿನ ಮಟ್ಟ ಅಳೆಯಲು ಗಂಟು ಹಾಕಿದ ಹಗ್ಗ ಸಾಕು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದುಬಿಟ್ಟರೆ ಈ ಬೇಸಿಗೆಯ ಕಡಿಮೆ ನೀರಿನ ಅಂಕಿ ತಪ್ಪಿಹೋಗುತ್ತದೆ, ಅದು ಮತ್ತೆ ಸಿಗುವುದು ಮುಂದಿನ ವರ್ಷ.