ಮಗಳಿಗಾಗಿ ನಮ್ಮೂರ ಮಾದರಿಯ ಗೊಂಬೆಮನೆಯನ್ನು ಕೈಯಾರೆ ಕಟ್ಟುವುದು ಹೇಗೆ?

ಪುಣೆಯ ಫ್ಲ್ಯಾಟಿನಲ್ಲಿರುವ ನೀವು ಏಳು ವರ್ಷದ ಮಗಳಿಗೆ ಅಂಗಡಿಯ ಪ್ಲಾಸ್ಟಿಕ್ ಮನೆ ಕೊಡಿಸುವ ಬದಲು ಊರಿನ ಮನೆಯನ್ನೇ ಚಿಕ್ಕದಾಗಿ ಕಟ್ಟಿಕೊಡಬೇಕೆಂದಿದ್ದೀರಿ. ಎಲ್ಲಿಂದ ಆರಂಭಿಸಬೇಕು, ಒಳಗಿನ ಸಾಮಾನುಗಳನ್ನು ಹೇಗೆ ಹೊಂದಿಸಬೇಕು ಎಂದು ಕೇಳಿದ್ದೀರಿ. ಕೋಥ್ರುಡ್‌ನ ನಮ್ಮ ಬಾಲ್ಕನಿಯಲ್ಲಿ ನಾನು ತೀರ್ಥಹಳ್ಳಿ ಕಡೆಯ ಅಜ್ಜನ ತೊಟ್ಟಿಮನೆಯನ್ನು ಎರಡು ವರ್ಷಗಳ ಹಿಂದೆ ಹೀಗೆಯೇ ಕಟ್ಟಿದ್ದರಿಂದ, ಕೆಲಸ ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮರ ಕೊಳ್ಳುವ ಮೊದಲು ಅಳತೆಯನ್ನು ನಿಶ್ಚಯಿಸಿಕೊಳ್ಳಿ. ಉಳಿದ ಎಲ್ಲವೂ ಅದನ್ನೇ ಅವಲಂಬಿಸಿದೆ. ಗೊಂಬೆಮನೆ ಕಟ್ಟುವವರು ಹೆಚ್ಚಾಗಿ ಅನುಸರಿಸುವುದು ಒಂದು ಅಡಿಗೆ ಒಂದು ಅಂಗುಲದ ಲೆಕ್ಕವನ್ನು. ದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲುಟ್ಯೆನ್ಸ್, ಇಂಗ್ಲೆಂಡಿನ ರಾಣಿ ಮೇರಿಗಾಗಿ ವಿನ್ಯಾಸಗೊಳಿಸಿ 1924ರಲ್ಲಿ ಪೂರ್ಣಗೊಂಡ ಗೊಂಬೆಮನೆಯೂ ಇದೇ ಅಳತೆಯದು. ಈ ಲೆಕ್ಕದಲ್ಲಿ ಏಳು ಅಡಿಯ ಬಾಗಿಲು ಏಳು ಅಂಗುಲವಾಗುತ್ತದೆ, ಐದೂವರೆ ಅಡಿಯ ಆಳು ಐದೂವರೆ ಅಂಗುಲದ ಗೊಂಬೆಯಾಗುತ್ತದೆ. ಆದರೆ ನಿಮ್ಮ ಮಗಳ ಬಳಿ ಇರುವುದು ಬಾರ್ಬಿಯಾದರೆ ಅದರ ಎತ್ತರ ಹನ್ನೊಂದೂವರೆ ಅಂಗುಲ. ಅದಕ್ಕೆ ತಕ್ಕ ಮನೆ ಎಲ್ಲ ದಿಕ್ಕಿನಲ್ಲೂ ಎರಡರಷ್ಟು ಬೆಳೆದು ಫ್ಲ್ಯಾಟಿನಲ್ಲಿ ಇಡಲು ಜಾಗ ಸಾಲದು. ಚಿಕ್ಕ ಅಳತೆಯನ್ನೇ ಹಿಡಿದು, ಗೊಂಬೆಗಳನ್ನು ಬಟ್ಟೆಯಿಂದ ಹೊಸದಾಗಿ ಹೊಲಿಯುವುದು ಮೇಲು.

ಪೇಟೆಯ ಗೊಂಬೆಮನೆಗಳು ಸಾಮಾನ್ಯವಾಗಿ ಮುಂದಿನಿಂದಲೋ ಹಿಂದಿನಿಂದಲೋ ತೆರೆದುಕೊಳ್ಳುತ್ತವೆ. ತೊಟ್ಟಿಮನೆಯಲ್ಲಿ ಕೋಣೆಗಳು ಅಂಗಳದ ಸುತ್ತ ಇರುವುದರಿಂದ ಆ ಕ್ರಮ ಒಗ್ಗುವುದಿಲ್ಲ. ಆದ್ದರಿಂದ ಮಾಡನ್ನು ನಾಲ್ಕು ತುಂಡುಗಳಾಗಿ ಮಾಡಿ, ಎತ್ತಿಡಲು ಬರುವಂತೆ ಗೋಡೆಯ ಮೇಲೆ ಕೂರಿಸಿದೆ. ಮಗುವಿನ ಕೈ ಮೇಲಿನಿಂದ ಸಲೀಸಾಗಿ ಇಳಿಯುತ್ತದೆ. ಇಡೀ ಮನೆಯನ್ನು ಕಟ್ಟುವ ಆಸೆಯನ್ನು ಬಿಟ್ಟು ಜಗಲಿ, ನಡುಮನೆ, ತೊಟ್ಟಿ, ಅಡುಗೆಮನೆ ಇವಿಷ್ಟನ್ನೇ 24 ಅಂಗುಲ ಉದ್ದ, 20 ಅಂಗುಲ ಅಗಲದಲ್ಲಿ ಹೊಂದಿಸಿದೆ. ತಳಕ್ಕೆ 12 ಮಿ.ಮೀ., ಗೋಡೆಗೆ 6 ಮಿ.ಮೀ. ಪ್ಲೈವುಡ್ ಸಾಕು.

ಮೊದಲ ಸಲ ನಾನು ಉಳಿತಾಯವೆಂದು 3 ಮಿ.ಮೀ. ಹಲಗೆಯನ್ನು ತಂದು, ಒಳಮುಖಕ್ಕೆ ಮಾತ್ರ ಕಾಗದ ಅಂಟಿಸಿದ್ದೆ. ಎರಡು ದಿನಗಳಲ್ಲಿ ನಡುಮನೆಯ ಗೋಡೆ ಬಿಲ್ಲಿನಂತೆ ಬಾಗಿ, ಮೂಲೆಯ ಅಂಟು ಬಿಟ್ಟುಕೊಂಡಿತು. ಅಂಟಿನ ನೀರಿಗೆ ಹಿಗ್ಗುವ ಕಾಗದ ಒಣಗುವಾಗ ಕುಗ್ಗಿ ಹಲಗೆಯನ್ನು ತನ್ನತ್ತ ಸೆಳೆಯುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಹಚ್ಚಿದರೆ ಎರಡು ಸೆಳೆತಗಳೂ ಸರಿದೂಗುತ್ತವೆ. ಮಳೆಗಾಲದಲ್ಲಿ ಈ ಕೆಲಸವನ್ನು ಮಾಡಲೇಬೇಡಿ. ದೀಪ ಬೇಕೆಂದಿದ್ದರೆ ತಂತಿಗಳನ್ನು ಕಾಗದ ಹಚ್ಚುವ ಮೊದಲೇ ಗೋಡೆಯ ಗೀರಿನಲ್ಲಿ ಕೂರಿಸಿಬಿಡಬೇಕು. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯ ಸುತ್ತಮುತ್ತ ಚಿಕ್ಕ ಎಲ್‌ಇಡಿಗಳು ಸಿಗುತ್ತವೆ. 5 ವೋಲ್ಟಿನ ಮೊಬೈಲ್ ಚಾರ್ಜರಿನಿಂದ ಉರಿಸುವುದಾದರೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ವಿದ್ಯುತ್ತಿನ ಹರಿವನ್ನು ತಗ್ಗಿಸುವ 220 ಓಮ್‌ನ ರೆಸಿಸ್ಟರ್ ಹಾಕಿ, ಹಳದಿ ಛಾಯೆಯ ದೀಪವನ್ನೇ ಆರಿಸಿಕೊಳ್ಳಿ.

ಹಂಚಿನ ಮಾಡು ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆಯ ಒಂದು ಮೈಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಮೆಲ್ಲಗೆ ಸುಲಿದರೆ ಒಳಗಿನ ಅಲೆಗಳು ಕಾಣಿಸುತ್ತವೆ. ಅವು ಈ ಅಳತೆಯಲ್ಲಿ ಮಂಗಳೂರು ಹಂಚಿನ ಏರುತಗ್ಗುಗಳಿಗೆ ಬಹುತೇಕ ಸರಿಹೋಗುತ್ತವೆ. ಒಂದು ಅಂಗುಲಕ್ಕೆ ಸ್ವಲ್ಪ ಹೆಚ್ಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ನಿಜವಾದ ಮನೆಗೆ ಹಂಚು ಹೊದಿಸುವಂತೆ ಸೂರಿನಿಂದ ಮೇಲಕ್ಕೆ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸುತ್ತ ಹೋಗಬೇಕು. ಕೆಮ್ಮಣ್ಣನ್ನು ಫೆವಿಕಾಲ್ ನೀರಿನಲ್ಲಿ ಕಲಸಿ ಬಳಿದರೆ ಬಣ್ಣದ ಡಬ್ಬಿಯಿಂದ ಬಾರದ ಮಾಸಲು ಕೆಂಪು ಬರುತ್ತದೆ. ನೆಲಕ್ಕೆ ದಪ್ಪ ಕಾಗದದ ಮೇಲೆ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ ಬಟ್ಟೆಯಿಂದ ತಿಕ್ಕಿ. ಅಜ್ಜಿಯ ಮನೆಯ ಗಾರೆನೆಲದ ಹೊಳಪೇ ಅದು.

ಸಾಮಾನುಗಳ ವಿಷಯದಲ್ಲಿ ಪುಣೆಯವರು ಪುಣ್ಯವಂತರು. ಮರಾಠಿಯವರು ‘ಭಾತುಕಲಿ’ ಎನ್ನುವ ಅಡುಗೆಯಾಟದ ಹಿತ್ತಾಳೆ ಪಾತ್ರೆಗಳು ಇಲ್ಲಿನ ತುಳಶಿಬಾಗ್ ಪೇಟೆಯಲ್ಲಿ ದೊರೆಯುತ್ತವೆ. ಹೋಗುವಾಗ ಜೇಬಿನಲ್ಲಿ ಅಳತೆಪಟ್ಟಿ ಇರಲಿ. ಒಂದಡಿಯ ಕೊಡ ನಮ್ಮ ಲೆಕ್ಕದಲ್ಲಿ ಒಂದೇ ಅಂಗುಲವಾಗಬೇಕು. ಮೋಹಕ್ಕೆ ಬಿದ್ದು ಎರಡಂಗುಲದ್ದನ್ನು ತಂದರೆ ಅದು ಗೊಂಬೆಯ ಮೊಣಕಾಲನ್ನು ದಾಟಿ ನಿಂತು ಇಡೀ ಅಡುಗೆಮನೆಯನ್ನು ಸುಳ್ಳು ಮಾಡುತ್ತದೆ. ಮಣೆ, ತೊಟ್ಟಿಲು, ತೂಗುಮಣೆ ಮುಂತಾದ ಮರದ ವಸ್ತುಗಳನ್ನು ನೀವೇ ಮಾಡಿ; ಎಳೆ ಎದ್ದು ಕಾಣುವ ಮರವನ್ನು ಬಿಟ್ಟು, ನುಣುಪಾದ ಸಣ್ಣ ಎಳೆಯದನ್ನು ಆರಿಸಿ.

ಯಾವ ವಸ್ತು ಎಲ್ಲಿತ್ತೆಂಬುದನ್ನು ಊರಿನ ಹಿರಿಯರನ್ನು ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಾನು ಕಡೆಗೋಲನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿದ್ದೆ. ಫೋಟೋ ನೋಡಿದ ಅಮ್ಮ, “ಅದು ಅಲ್ಲಿರ್ತಿರ್ಲಿಲ್ಲ, ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೀತಿದ್ರು” ಎಂದರು. ಅಡುಗೆಮನೆಯ ಆ ಕಂಬಕ್ಕೆ ದಪ್ಪ ದಾರದ ಎರಡು ಕುಣಿಕೆಗಳನ್ನು ಕಟ್ಟಿ ಕಡೆಗೋಲನ್ನು ಅದರಲ್ಲಿ ಸಿಕ್ಕಿಸಿದೆ. ಮಗಳು ಈಗಲೂ ಮನೆಯ ಮಾಡು ಎತ್ತಿದೊಡನೆ ಮೊದಲು ಮಜ್ಜಿಗೆ ಕಡೆಯುತ್ತಾಳೆ.